ಮಾವನ ಎದೆಯ ಮೇಲೆ ಮಗಳು

ನಮ್ಮ ಮಾವ ಹೆಚ್ಚು ಮಾತಾಡುವವರಲ್ಲ. ಕುಣಿಗಲ್ ತಾಲ್ಲೂಕಿನಲ್ಲಿ, ಮಾರ್ಕೋನಹಳ್ಳಿ ನಾಲೆಯ ಪಕ್ಕದ ಊರು ಅವರದು. ಮದುವೆಯಾಗಿ ವರ್ಷಗಳಾದರೂ ನನ್ನ ಜೊತೆ ಅವರು ಆಡಿದ್ದು "ಊಟ ಆಯ್ತೇನವ್ವ?", "ಯಾವಾಗ್ ಬಂದ್ರಿ?" ಇಷ್ಟೇ. ಅತ್ತೆ ನಾನು ಆ ಮನೆ ಸೇರುವ ಮೊದಲೇ ತೀರಿಕೊಂಡಿದ್ದರು. ನಾನೂ ನನ್ನ ಗಂಡನೂ ತುಮಕೂರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡು ಬೇರೆ ಬೇರೆ ಶಾಲೆಗಳಲ್ಲಿ ಪಾಠ ಹೇಳುತ್ತಿದ್ದೆವು. ಹಬ್ಬಕ್ಕೆ ಊರಿಗೆ ಹೋದರೆ ಮಾವ ಜಗಲಿಯಲ್ಲಿ, ನಾನು ಅಡುಗೆಮನೆಯಲ್ಲಿ. ಆ ದೂರ ನಮ್ಮಿಬ್ಬರಿಗೂ ಹಿತವಾಗಿಯೇ ಇತ್ತು.

ಎಂಟನೇ ತಿಂಗಳಲ್ಲಿ ಸೀಮಂತ ಮುಗಿಸಿಕೊಂಡು ಗುಬ್ಬಿಯ ತವರಿಗೆ ಬಂದಿದ್ದೆ. ಒಂದು ಮಧ್ಯಾಹ್ನ ಅಮ್ಮನ ಜೊತೆ ಕೂತು ಅವರೆಕಾಯಿ ಬಿಡಿಸುತ್ತಿದ್ದಾಗ ಇದ್ದಕ್ಕಿದ್ದಂತೆ ಬಟ್ಟೆಯೆಲ್ಲ ಒದ್ದೆಯಾಯಿತು. ನೋವೇನೂ ಇರಲಿಲ್ಲ. ಅಮ್ಮನ ಮುಖ ನೋಡಿದ ಮೇಲೆಯೇ ನನಗೆ ಭಯವಾದದ್ದು. ಎದುರು ಮನೆಯವರ ಕಾರಿನಲ್ಲಿ ತುಮಕೂರಿನ ಆಸ್ಪತ್ರೆಗೆ ಹೋದೆವು. ಮಗುವಿನ ಎದೆಬಡಿತ ಇಳಿಯುತ್ತಿದೆ ಎಂದು ಡಾಕ್ಟರು ಸಂಜೆಯೊಳಗೆ ಆಪರೇಷನ್ ಮಾಡಿದರು. ಹೆಣ್ಣು ಮಗು. ಬೆಕ್ಕಿನ ಮರಿಯಂತೆ ಒಮ್ಮೆ ಅತ್ತದ್ದು ಕೇಳಿಸಿತು. ಕೆಂಪಗಿನ ಸಣ್ಣ ಮುಖವನ್ನು ನನ್ನ ಕೆನ್ನೆಯ ಬಳಿ ಹಿಡಿದು ತೋರಿಸಿ, ಹಾಗೇ ಐಸಿಯುಗೆ ಕೊಂಡೊಯ್ದರು.

ಆಮೇಲೆ ಹೊಲಿಗೆಯಲ್ಲಿ ಕೀವು ತುಂಬಿ ನನಗೆ ಜ್ವರ ಹಿಡಿಯಿತು. ನಾನು ಒಂದು ಮಹಡಿಯಲ್ಲಿ, ಮಗಳು ಇನ್ನೊಂದು ಮಹಡಿಯಲ್ಲಿ. ನನ್ನ ಹಾಲನ್ನು ಹಿಂಡಿ ಕಳಿಸುತ್ತಿದ್ದೆವು. ಐಸಿಯುನವರು ಅದನ್ನು ಒಳಲೆಯಲ್ಲಿ ಕುಡಿಸುತ್ತಿದ್ದರು. ನನ್ನ ಗಂಡ ಫೋನಿನಲ್ಲಿ ತೆಗೆದ ಫೋಟೋ ತಂದು ತೋರಿಸುತ್ತಿದ್ದ. ಅದನ್ನು ದೊಡ್ಡದು ಮಾಡಿ ಬೆರಳು, ಕಿವಿ ನೋಡುತ್ತಿದ್ದೆ. ನನ್ನದೇ ಮಗು ಎಂದು ಮನಸ್ಸಿಗೆ ಹೇಳಿಕೊಡಬೇಕಾಗುತ್ತಿತ್ತು.

ಮಗುವಿನ ಉಸಿರಾಟ ಸರಿಹೋದ ಮೇಲೆ ಅಲ್ಲಿನ ನರ್ಸ್ ನನ್ನ ಗಂಡನನ್ನು ಕರೆದು ಹೇಳಿದರಂತೆ: "ಮೈ ಬೆಚ್ಚಗೆ ನಿಲ್ತಿಲ್ಲ, ತೂಕನೂ ಏರ್ತಿಲ್ಲ. ಎದೆಗೆ ಎದೆ ತಾಗಿಸಿ ಇಟ್ಕೊಂಡು ಕೂರ್ಬೇಕು. ತಾಯಿಗೆ ಆಗ್ದಿದ್ರೆ ಮನೆಯವ್ರು ಯಾರಾದ್ರೂ ಸರಿ." ಹೇಳಿ ಮುಗಿಸುವಷ್ಟರಲ್ಲಿ ಅವನು ಎರಡು ಸಲ ಸೀನಿದ. ನೆಗಡಿಯವರು ಒಳಗೇ ಬರಬೇಡಿ ಎಂದು ಕಳಿಸಿಬಿಟ್ಟರು. ಅಮ್ಮನಿಗೆ ದಮ್ಮಿನ ಕಾಯಿಲೆ. ಕೆಮ್ಮು ಹತ್ತಿದರೆ ನಿಲ್ಲುತ್ತಿರಲಿಲ್ಲ. ಇಬ್ಬರೂ ನನ್ನ ಮಂಚದ ಬಳಿ ನಿಂತು ಯಾರನ್ನು ಕರೆಸುವುದು ಎಂದು ಗೊಂದಲದಲ್ಲಿದ್ದಾಗ ಬಾಗಿಲ ಹತ್ತಿರದಿಂದ ಮಾವನ ದನಿ ಬಂತು. ಎಳನೀರಿನ ಚೀಲ ಹಿಡಿದು ಊರಿನಿಂದ ಆಗಷ್ಟೇ ಬಂದಿದ್ದರು.

"ನಾನಾಗ್ಬೋದಾ?"

ಅಮ್ಮ ಸೆರಗು ಸರಿಮಾಡಿಕೊಂಡು, "ಬೀಗ್ರೇ, ಅಂಗಿ ಬಿಚ್ಚಿ ಕೂರ್ಬೇಕಂತೆ," ಅಂದಳು.

"ಗದ್ದೇಲಿ ದಿನಾ ಬಿಚ್ಚೇ ಇರ್ತೀನಲ್ಲವ್ವ."

ನರ್ಸ್ ಮಾವನನ್ನು ಮೇಲಿಂದ ಕೆಳಗೆ ನೋಡಿ ಮೊದಲು ಕೇಳಿದ್ದು ಬೀಡಿಯ ವಿಷಯ. ಮಾವ ಜೇಬಿನಿಂದ ಕಟ್ಟು ತೆಗೆದು ಅಲ್ಲೇ ಕಸದ ಡಬ್ಬಿಗೆ ಹಾಕಿದರಂತೆ. ನಮ್ಮ ಬಾಡಿಗೆ ಮನೆಗೆ ಹೋಗಿ ತಲೆಗೆ ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು ಬಂದರು.

ಜ್ವರ ಸ್ವಲ್ಪ ಇಳಿದಾಗ ನನ್ನನ್ನು ಗಾಲಿಕುರ್ಚಿಯಲ್ಲಿ ಕರೆದುಕೊಂಡು ಹೋದರು. ಗಾಜಿನಾಚೆ ಮಾವ ಒರಗು ಕುರ್ಚಿಯಲ್ಲಿ ಕೂತಿದ್ದರು. ಬಿಸಿಲಿಗೆ ಕಪ್ಪಾದ ಅವರ ಎದೆಯ ಮೇಲೆ, ಬಟ್ಟೆಯಲ್ಲಿ ಕಟ್ಟಿದ ನನ್ನ ಮಗಳ ತಲೆಯಷ್ಟೇ ಕಾಣುತ್ತಿತ್ತು. ಅವರ ತುಟಿ ಅಲುಗಾಡುತ್ತಿತ್ತು. ಏನು ಹೇಳುತ್ತಿದ್ದಾರೆ ಎಂದು ನರ್ಸನ್ನು ಕೇಳಿದೆ. ಅವರು ನಕ್ಕರು. "ನಾಲೆಗೆ ನೀರು ಬಿಟ್ಟಿರೋದು, ಹಸು ಕರು ಹಾಕಿರೋದು, ಎಲ್ಲಾ ಹೇಳ್ತಾರೆ. ಬಾಯಿಗೆ ಬಿಡುವೇ ಇಲ್ಲ."

ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಅದರ ಜೊತೆಗೇ ಹೊಟ್ಟೆಕಿಚ್ಚಿನಂಥದ್ದು ಇನ್ನೇನೋ ಎದ್ದಿತು. ಹೊತ್ತವಳು ನಾನು, ಹೊಟ್ಟೆ ಕೊಯ್ಯಿಸಿಕೊಂಡವಳು ನಾನು. ಅವಳು ಮೊದಲು ನೆಮ್ಮದಿಯಾಗಿ ಮಲಗಿದ್ದು ಬೇರೆಯವರ ಎದೆಯ ಮೇಲೆ. ತಾಯಿಯಾದ ತಕ್ಷಣ ಪ್ರೀತಿ ಉಕ್ಕಿಬರುತ್ತದೆ ಎಂದು ಎಲ್ಲರೂ ಹೇಳಿದ್ದರು. ಇದನ್ನು ಯಾರೂ ಹೇಳಿರಲಿಲ್ಲ.

ಕೊನೆಗೆ ಅವಳನ್ನು ನನ್ನ ಎದೆಗೆ ಕೊಟ್ಟ ದಿನ, ಮೈ ಮುರಿದು ಕಿರುಚಿ ಅತ್ತಳು. "ನಾನು ಯಾರು ಅಂತ ಇವಳಿಗೆ ಗೊತ್ತೇ ಇಲ್ಲ" ಅಂದು ನಾನೂ ಅತ್ತುಬಿಟ್ಟೆ. ಮಾವ ಪರದೆಯಾಚೆ ಬೆನ್ನು ತಿರುಗಿಸಿ ನಿಂತಿದ್ದರು. ಅಲ್ಲಿಂದಲೇ ಹೇಳಿದರು, "ಅಳ್ಬ್ಯಾಡ ಕಣವ್ವ. ಮೊದಲ್ನೇ ದಿನ ನಂಗೂ ಹಿಂಗೇ ಮಾಡಿದ್ಲು. ಸುಮ್ನೆ ಏನಾರ ಮಾತಾಡು."

"ಏನ್ ಮಾತಾಡ್ಲಿ ಮಾವ?"

"ಏನಾರ. ಅವ್ಳಿಗೇನ್ ಅರ್ಥ ಆಯ್ತದಾ?"

ನನಗೆ ಹೊಳೆದದ್ದು ಅವರೆಕಾಯಿ. ನೀನು ಬರುತ್ತೀಯ ಎಂದು ಗೊತ್ತಿಲ್ಲದೆ ಅಜ್ಜಿಯೂ ನಾನೂ ಒಂದು ಮೊರದಷ್ಟು ಬಿಡಿಸಿದ್ದೆವು, ಅದನ್ನು ಯಾರು ಸಾರು ಮಾಡಿದರೋ ಎಂದು ಹೇಳಿದೆ. ಹೇಳುತ್ತಾ ಹೇಳುತ್ತಾ ಅವಳ ಅಳು ಸಣ್ಣದಾಯಿತು. ಉಸಿರು ನನ್ನ ಉಸಿರಿಗೆ ಹೊಂದಿಕೊಂಡಿತು.

ಬಾಣಂತನ ಗುಬ್ಬಿಯಲ್ಲೇ ಆಯಿತು. ಅಮ್ಮನಿಗೆ ಸಾಂಬ್ರಾಣಿ ಹೊಗೆ ಹಾಕುವ ಆಸೆ. ಮಗುವಿನ ಎದೆಗೆ ಹೊಗೆ ಕೂಡದು ಎಂದು ಡಾಕ್ಟರು ಹೇಳಿದ್ದರಿಂದ ಮುನಿಸಿಕೊಂಡೇ ಅದನ್ನು ಕೈಬಿಟ್ಟಳು. ಮಾವ ತುಮಕೂರಿನಲ್ಲಿ ಬಸ್ಸು ಬದಲಿಸಿ ಆಗಾಗ ಬರುತ್ತಿದ್ದರು. ಬೀಗರ ಮನೆಯಲ್ಲಿ ಮತ್ತೆ ಅದೇ ಸಂಕೋಚ. ಮೊದಲ ಸಲ ಬಂದಾಗ ಇಸ್ತ್ರಿ ಮಾಡಿದ ಅಂಗಿಯ ಮೇಲೇ ಮೊಮ್ಮಗಳನ್ನು ಎತ್ತಿಕೊಂಡರು. ಅವಳು ಮುಖ ಸಿಂಡರಿಸಿದಳು.

ಅವರು ರಜೆಗೆ ಬಂದಿದ್ದ ನನ್ನ ಗಂಡನ ಕಡೆ ನೋಡಿ ಮೆಲ್ಲಗೆ ಹೇಳಿದರು, "ನಿನ್ನ ನಾನು ಹಿಂಗೆ ಎತ್ಕಂಡಿದ್ದೇ ಇಲ್ಲ ಕಣೋ. ದೊಡ್ಡೋರ ಮುಂದೆ ಗಂಡಸು ಮಗೀನ ಎತ್ಕಂಡ್ರೆ ನಗೋರು ಆವಾಗ."

ಅವನು ಅಪ್ಪನ ಪಕ್ಕಕ್ಕೆ ಹೋಗಿ ಕೂತ. ಅಡುಗೆಮನೆಯಿಂದ ಅಮ್ಮ ಕೂಗಿದಳು, "ಇಲ್ಲಿ ಯಾರೂ ನಗಲ್ಲ ಬಿಡಿ ಬೀಗ್ರೇ. ಫ್ಯಾನ್ ಆರಿಸಿ, ಅಂಗಿ ಬಿಚ್ಚಿ, ಸರಿಯಾಗಿ ಮಲಗಿಸ್ಕೊಳಿ."

ಮಾವ ನನ್ನ ಮುಖ ನೋಡಿದರು. ನಾನು ಎದ್ದು ಫ್ಯಾನ್ ಆರಿಸಿದೆ.