ಎಲ್‌ಗೆ ಹಾಕು

ಆಗ ನನಗೆ ಅರವತ್ತೊಂಬತ್ತು. ಇದು ನಡೆದು ಮೂರು ವರ್ಷವಾಯಿತು. ಮಲೇಷ್ಯಾದ ಸುಬಾಂಗ್ ಜಯಾದಲ್ಲಿ ಮಗಳ ಮನೆಯಲ್ಲಿದ್ದೆ, ಈಗಲೂ ಅಲ್ಲೇ ಇದ್ದೇನೆ. ಅಳಿಯ ಬಾತ್‌ರೂಮಿನಲ್ಲಿ ಜಾರಿ ಕಾಲು ಮುರಿದುಕೊಂಡು ಮನೆ ಹಿಡಿದಿದ್ದ. ಬೇಜಾರು ಕಳೆಯಲೆಂದು ಮೊಮ್ಮಗಳು ನಮ್ಮಿಬ್ಬರನ್ನೂ ಕೂರಿಸಿಕೊಂಡು ಬೆಟ್ಟಕ್ಕೆ ಹೋದಳು. ಅವಳಿಗೆ ಲೈಸೆನ್ಸ್ ಬಂದು ತಿಂಗಳೂ ಆಗಿರಲಿಲ್ಲ. ಹತ್ತುವಾಗ ಏನೂ ಆಗಲಿಲ್ಲ. ಆದದ್ದು ಇಳಿಯುವಾಗ.

ಅದು ಹಳೆಯ ಆಟೋ ಗೇರಿನ ಕಾರು. ಗೇರು ತಾನೇ ಬದಲಾಗುತ್ತದೆ. ಏರೋ ಇಳಿಜಾರೋ ಅದಕ್ಕೆ ತಿಳಿಯದು. ಆಕ್ಸಿಲರೇಟರ್ ಬಿಟ್ಟರೆ ಸಾಕು, ಮೇಲಿನ ಗೇರಿಗೆ ಹೋಗಿ ಹಗುರಾಗಿ ಓಡುತ್ತದೆ. ಹುಡುಗಿ ದಾರಿಯುದ್ದಕ್ಕೂ ಬ್ರೇಕ್ ತುಳಿದೇ ಬಂದಳು. ಸುಟ್ಟ ವಾಸನೆ ಬಂತು.

"ಏನೇ ಅದು?"

"ಯಾವ್ದೋ ಲಾರಿ ಅಜ್ಜಿ, ರಿಲ್ಯಾಕ್ಸ್ ಲಾ."

ಮುಂದಿನ ತಿರುವಿನಲ್ಲಿ ಪೆಡಲ್ ನೆಲಕ್ಕೆ ಹೋಯಿತು. ಕಾರು ನಿಧಾನವಾಗಲಿಲ್ಲ. ಕಮರಿ ಇದ್ದದ್ದು ಮುಂದೆ ಅವಳ ಪಕ್ಕ ಕೂತಿದ್ದ ನನ್ನ ಕಡೆಗೆ.

ಹಿಂದಿನ ಸೀಟಿನಲ್ಲಿ ಪ್ಲಾಸ್ಟರ್ ಕಾಲು ಚಾಚಿ ಕೂತಿದ್ದ ಅಳಿಯ ಕೂಗಿದ, "ಎಲ್‌ಗೆ ಹಾಕು! ಎಲ್‌ಗೆ!"

ಇಲ್ಲೇ ಬೆಳೆದ ಹುಡುಗಿ. ಅವಳ ಕಿವಿಗೆ ಅದು 'ಎಲ್ಲಿಗೆ' ಎಂದೇ ಬಿತ್ತು. "ಎಲ್ಲಿಗೆ ಅಪ್ಪಾ? ವೇರ್? ಯು ಟೆಲ್ ಮೀ!"

"ಎಲ್‌ಗೆ ಅಂದ್ನಲ್ಲೇ!"

"ಅದೇ, ಎಲ್ಲಿಗೆ?"

ನನಗೆ ಸಿಟ್ಟು ನೆತ್ತಿಗೇರಿತು. "ಲೇ, ಕಲಿಯೋವಾಗ ಕಾರಿನ ಬೆನ್ನಿಗೆ ಒಂದಕ್ಷರ ಇತ್ತಲ್ಲ, ಅದು ಕಣೆ!"

ಗೇರಿನ ಕಡ್ಡಿಯನ್ನು ಕೊನೆಯ ಎಲ್‌ವರೆಗೆ, ಅಂದರೆ ಲೋ ಗೇರಿಗೆ, ಎಳೆದಳು. ಗೇರು ಒಂದೊಂದಾಗಿ ಇಳಿಯಿತು. ಇಂಜಿನ್ ಕಿರುಚಿಕೊಂಡಿತು. ಇಂಜಿನ್ ಸುತ್ತು ತೋರಿಸುವ ಮುಳ್ಳು ಕೆಂಪು ಗೆರೆಯ ಹತ್ತಿರಕ್ಕೆ ಹೋಯಿತು.

"ಅಪ್ಪಾ, ಒಡೆದ್ಹೋಗುತ್ತೆ!" ಕೈ ಮತ್ತೆ ಕಡ್ಡಿಗೆ ಹೋಯಿತು.

"ಮುಟ್ಟಬೇಡ! ಕೂಗ್ಲಿ. ಕೆಂಪು ದಾಟೋ ಹಾಗಿದ್ರೆ ಅದು ಗೇರೇ ಇಳಿಸ್ತಿರ್ಲಿಲ್ಲ."

ಅವನ ಮಾತನ್ನು ನಾನು ನಂಬಲಿಲ್ಲ. ಅವಳ ಕೈಯನ್ನು ಮಾತ್ರ ಹಿಡಿದು ಸ್ಟೇರಿಂಗಿಗೆ ಇಟ್ಟೆ. ಕಿರುಚುತ್ತಲೇ ಕಾರು ನಿಧಾನವಾಯಿತು. ರಸ್ತೆ ಸಮವಾದ ಕಡೆ, ಒಬ್ಬ ಹಣ್ಣಿನವನ ಅಂಗಡಿಯ ಪಕ್ಕದ ಹುಲ್ಲಿಗೆ ಹೋಗಿ ನಿಂತಿತು. ಹುಡುಗಿ ಇಳಿದು ವಾಂತಿ ಮಾಡಿದಳು. ಇನ್ನು ಜನ್ಮದಲ್ಲಿ ಕೀಲಿ ಮುಟ್ಟುವುದಿಲ್ಲ ಎಂದಳು. ಕಾರನ್ನು ಮೆಕ್ಯಾನಿಕ್ ಎಳೆದುಕೊಂಡು ಹೋದ.

ಮರುದಿನ ಬೆಳಿಗ್ಗೆ ಮಗಳ ಕಾರಿನ ಕೀಲಿ ತೆಗೆದುಕೊಂಡೆ. ಮಲಗಿದ್ದ ಮೊಮ್ಮಗಳನ್ನು ಎಬ್ಬಿಸಿ ಕೆಳಗೆ ಪಾರ್ಕಿಂಗಿಗೆ ಕರೆದುಕೊಂಡು ಹೋದೆ. ನಿಂತ ಕಾರಿನಲ್ಲೇ ಕೂರಿಸಿ, ಬ್ರೇಕ್ ತುಳಿಸಿ, "ಕಣ್ಣು ಮುಚ್ಚು, ಎಲ್ ಹುಡುಕು" ಎಂದೆ. ಅತ್ತಳು. ಅಳುತ್ತಲೇ ಹುಡುಕು ಎಂದೆ.