ಎಣಿಸದೆ ಉಳಿದ ತಲೆಗಳು

ನಾನು ಚಿಕ್ಕವನಿದ್ದಾಗ, ಆದಿವಾಲದ ಆಚೆಗಿದ್ದ ನಮ್ಮ ಹಟ್ಟಿಯಲ್ಲಿ ಕುರಿಗಳನ್ನಾಗಲಿ ಮಕ್ಕಳನ್ನಾಗಲಿ ಯಾರೂ ಎಣಿಸುತ್ತಿರಲಿಲ್ಲ. ಎಣಿಸಿದರೆ ಕಣ್ಣು ತಗುಲಿ ಕಡಿಮೆಯಾಗುತ್ತವೆ ಎಂಬ ಭಯ. ಸಂಜೆ ಕುರಿಗಳು ರೊಪ್ಪದೊಳಗೆ ನುಗ್ಗುವಾಗ ಅಪ್ಪ ಮುಖ ನೋಡಿಯೇ ಯಾವುದು ಬಂದಿಲ್ಲ ಎಂದು ಹೇಳಿಬಿಡುತ್ತಿದ್ದ.

ಹೀಗಿರುವಾಗ, ಶಾಲೆ ಕಟ್ಟಿಸಲು ಹಟ್ಟಿಯಲ್ಲಿ ಮಕ್ಕಳೆಷ್ಟಿದ್ದಾರೆ ಎಂದು ಕೇಳಿಕೊಂಡು ಹಿರಿಯೂರಿನಿಂದ ಸಾಹೇಬರೊಬ್ಬರು ಬಂದರು. ಅಜ್ಜಿ ನಮ್ಮನ್ನೆಲ್ಲ ರೊಪ್ಪಕ್ಕೆ ಅಟ್ಟಿ ಮೇಲೆ ಕಂಬಳಿ ಎಳೆದಳು. ಹಿಕ್ಕೆಯ ಘಾಟು, ಚುಚ್ಚುವ ಕಂಬಳಿ, ಕಿವಿಯ ಹತ್ತಿರ ಕುರಿಮರಿಯ ಬಿಸಿಯುಸಿರು. ಎಲ್ಲ ಮನೆಗಳಲ್ಲೂ ಇದೇ ಕತೆ. "ಎಲ್ಲೋ ನಾಕೈದು ಹುಡುಗ್ರು ಅವೆ ಸಾಮಿ, ಅಷ್ಟೇ" ಎಂದು ಅಪ್ಪ ಹೊರಗೆ ಹೇಳುತ್ತಿದ್ದುದು ಕೇಳಿಸಿತು. ಪಕ್ಕದಲ್ಲಿ ಅಕ್ಕ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅವಳಿಗೋ ಶಾಲೆಯ ಹುಚ್ಚು. ಕಂಡ ಬಂಡೆಯ ಮೇಲೆಲ್ಲ ಇದ್ದಿಲಿನಿಂದ ಗೀಚುತ್ತಿದ್ದಳು.

ಅಪ್ಪ ಹೇಳಿದ ಲೆಕ್ಕಕ್ಕೆ ತಕ್ಕಂತೆ ಒಂದೇ ಒಂದು ಪುಟ್ಟ ಕೋಣೆಯ ಶಾಲೆ ಎದ್ದಿತು. ಬಾಗಿಲು ತೆರೆದ ದಿನ ಅಕ್ಕ ತಲೆಗೆ ಎಣ್ಣೆ ಹಚ್ಚಿ, ಬಿಗಿಯಾಗಿ ಜಡೆ ಹೆಣೆದುಕೊಂಡು ನನ್ನ ಕೈ ಹಿಡಿದು ಹೊರಟಳು. ಹಿಂದೆಯೇ ಅಪ್ಪ, ಅಜ್ಜಿ. ಹೊಸ ಸುಣ್ಣದ ವಾಸನೆ ಮೂಗಿಗೆ ಬಡಿಯುತ್ತಿತ್ತು. ತಿರುಗಿ ನೋಡಿದರೆ ಎಲ್ಲ ಗುಡಿಸಲುಗಳಿಂದಲೂ ಮಕ್ಕಳು ದಬದಬನೆ ಹೊರಬೀಳುತ್ತಿದ್ದಾರೆ! ನಮ್ಮ ಹಟ್ಟಿಯಲ್ಲಿ ಇಷ್ಟೊಂದು ಮಕ್ಕಳಿದ್ದಾರೆಂದು ನಮಗೇ ಗೊತ್ತಿರಲಿಲ್ಲ. ಮೇಷ್ಟ್ರು ಬಾಗಿಲಲ್ಲಿ ದಂಗಾಗಿ ನಿಂತುಬಿಟ್ಟರು.

"ನಾಕೈದು ಅಂದಿದ್ರಲ್ಲಪ್ಪ! ಇಷ್ಟೂ ಜನಾನ ಎಲ್ಲಿ ಕೂರಿಸ್ಲಿ? ಸಣ್ಣೋರು ಒಳಗೆ ಬರ್ರಿ. ದೊಡ್ಡೋರು ಇನ್ನೊಂದು ಕೋಣೆ ಆಗೋವರ್ಗೂ ಕಾಯ್ರಿ."

ಅಕ್ಕನ ಕೈ ನನ್ನ ಕೈಯಿಂದ ಜಾರಿತು. ನಾನು ಒಳಗೆ, ಅವಳು ಹೊರಗೆ. ಅವಳು ಅಳಲಿಲ್ಲ, ಕಣ್ಣು ಅಗಲಿಸಿಕೊಂಡು ಅಪ್ಪನನ್ನೇ ನೋಡಿದಳು. ಆಮೇಲೆ ಅವನು ಮಾಡಿದ್ದನ್ನು ನೆನೆದರೆ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ. ಒಂದೊಂದೇ ಮಗುವಿನ ತಲೆ ಮುಟ್ಟಿ, ನಡುಗುವ ದನಿಯಲ್ಲಿ, ಎಲ್ಲರಿಗೂ ಕೇಳುವಂತೆ ಎಣಿಸತೊಡಗಿದ!

"ಲೇ, ಬಾಯಿ ಮುಚ್ಚಲೇ! ಮಕ್ಕಳನ್ನ ಎಣಿಸ್ತಾರೇನಲೇ?" ಅಜ್ಜಿ ಕಿರುಚಿದಳು. ಅಪ್ಪ ನಿಲ್ಲಿಸಲಿಲ್ಲ. ಕೊನೆಗೆ ಅಕ್ಕನ ತಲೆ ಮುಟ್ಟಿ, "ಇವಳನ್ನೂ ಸೇರಿಸ್ಕಳ್ರಿ ಸಾಮಿ. ಇನ್ನೊಂದು ಕೋಣೆ ಕಟ್ಟಿಸ್ರಿ" ಎಂದ.

ಆ ಕೋಣೆ ಏಳುವಷ್ಟರಲ್ಲಿ ಅಕ್ಕ ಮದುವೆಯಾಗಿ ಹೊಸದುರ್ಗದ ಕಡೆ ಹೋಗಿಬಿಟ್ಟಿದ್ದಳು.

ಮಕ್ಕಳೇ, ಈಗ ನಮ್ಮ ಹಟ್ಟಿಯಲ್ಲಿ ಮನೆಗೊಂದು, ಹೆಚ್ಚೆಂದರೆ ಎರಡು ಮಕ್ಕಳು. ನೀವೂ ಬೆಳಿಗ್ಗೆ ಹಳದಿ ಬಸ್ಸು ಹತ್ತಿ ಹಿರಿಯೂರಿಗೆ ಹೋಗುತ್ತೀರಿ. ಮೊನ್ನೆ ಊರಿಗೆ ಬಂದಿದ್ದ ಅಕ್ಕನನ್ನು ಬಿಪಿ ನೋಡಿಸಲು ನಮ್ಮ ಹಟ್ಟಿಯಲ್ಲೇ ಹೊಸದಾಗಿ ತೆರೆದ ಆಸ್ಪತ್ರೆಗೆ ಕರೆದುಕೊಂಡು ಹೋದವನು ಬಾಗಿಲಲ್ಲೇ ನಿಂತುಬಿಟ್ಟೆ. ಮಕ್ಕಳಿಲ್ಲದೆ ಖಾಲಿ ಬಿದ್ದಿದ್ದ ಆ ಎರಡನೇ ಕೋಣೆಯನ್ನೇ ಆಸ್ಪತ್ರೆ ಮಾಡಿದ್ದಾರೆ! ಕಪ್ಪು ಹಲಗೆಯ ಜಾಗದಲ್ಲಿ ಔಷಧಿಯ ಕಪಾಟು, ಬೆಂಚುಗಳ ಮೇಲೆ ನನ್ನಂಥ ಮುದುಕರು.

ಅಕ್ಕ ಹೊಸ್ತಿಲ ಆಚೆಯೇ ನಿಂತು, "ಅಪ್ಪ ನನಗೋಸ್ಕರ ಕೇಳಿದ ಕೋಣೆ ಇದೇ ಏನಲೇ ತಮ್ಮ?" ಎಂದಳು. ಅಷ್ಟರಲ್ಲಿ ನರ್ಸಮ್ಮ ತಲೆಯೆತ್ತಿ ಅವಳನ್ನು ನೋಡಿದಳು.

"ಹೊರಗ್ಯಾಕೆ ನಿಂತ್ರಿ ಅಜ್ಜಿ? ಒಳಗೆ ಬರ್ರಿ, ಜಾಗ ಐತೆ."