ತತ್ತಿ ತಿಂದ ಜೀಪು

ಲಿಂಗ ಕಟ್ಟಿಕೊಂಡವರ ಮನೆಯ ಜೀಪು ತತ್ತಿ ತಿಂದರೆ ಏನಾಗುತ್ತದೆ, ಹೇಳಿ ನೋಡೋಣ?

ಅರವತ್ತರ ದಶಕದ ಮಾತು. ಗಡಹಿಂಗ್ಲಜದಿಂದ ಕೊಲ್ಲಾಪುರದ ಆಸ್ಪತ್ರೆಗೆ ಹೊರಟ ನಮ್ಮ ಜೀಪು ನಡುದಾರಿಯಲ್ಲಿ ಹೊಗೆಯಾಡಿ ನಿಂತಿತು. ನನ್ನ ಎರಡು ವರ್ಷದ ಮಗನ ಗಂಟಲಲ್ಲಿ ಶೇಂಗಾಕಾಳು ಸಿಕ್ಕಿಕೊಂಡಿತ್ತು. ಅತ್ತೆಯ ತೊಡೆಯ ಮೇಲೆ ಅವನು ಸಿಳ್ಳೆ ಹಾಕಿದಂತೆ ಉಸಿರೆಳೆಯುತ್ತಿದ್ದ.

ಮಿಲಿಟರಿಯವರು ಬಿಸಾಕಿದ ಆ ಜೀಪನ್ನು ನನ್ನ ಗಂಡ ಇಚಲಕರಂಜಿಯ ಗುಜರಿ ಸಾಮಾನು ಜೋಡಿಸಿ ಎಬ್ಬಿಸಿದ್ದರು. ಹಳೆಯ ಲಾರಿಯಿಂದ ಬಿಚ್ಚಿ ತಂದ ರೇಡಿಯೇಟರು ಈಗ ಸೋರುತ್ತಿತ್ತು.

ಹಿಂದೆ ಬಂದ ಲಾರಿಯ ಡ್ರೈವರು ಇಳಿದು ನೋಡಿ, ನನ್ನನ್ನು ಅತ್ತಿಗೆಯೆಂದೇ ಕರೆದ. "ವೈನಿ, ನೀರ ತುಂಬಿ ಎರಡು ತತ್ತಿ ಒಡದ ಸುರೀರಿ. ಕುದ್ದು ತೂತ ಮುಚ್ಚತಾವ" ಎಂದ.

ಜೀಪಿನ ಮೂತಿಗೆ ದಿನವೂ ವಿಭೂತಿ ಹಚ್ಚುತ್ತಿದ್ದ ನನ್ನ ಗಂಡ ತಾಯಿಯತ್ತ ತಿರುಗಿದರು.

"ನನ್ನ ಮಾರಿ ಏನ ನೋಡ್ತಿ, ತರಾಕ ಹೋಗು" ಎಂದರು ಅತ್ತೆ.

ಪಕ್ಕದ ಕುರುಬರ ಗುಡಿಸಲಿನಿಂದ ಗಂಡ ತತ್ತಿಗಳನ್ನು ಟವೆಲ್ಲಿನಲ್ಲಿ ಸುತ್ತಿ ತಂದರು. ಒಡೆದು ಸುರಿದವಳು ನಾನು. ಸ್ವಲ್ಪ ಹೊತ್ತಿಗೆ ಸೋರುವುದು ನಿಂತಿತು, ಜೀಪು ಓಡಿತು.

ಕೊಲ್ಲಾಪುರದಲ್ಲಿ ಡಾಕ್ಟರು ಕಾಳು ತೆಗೆದರು. ಮಗ ಆಸ್ಪತ್ರೆಯೇ ಅದುರುವಂತೆ ಅತ್ತ. ಆ ಅಳು ಕೇಳಿ ನನ್ನ ಎದೆ ಹಗುರಾಯಿತು, ಹಗುರಾದ ಮೇಲೆ ನಾಲಗೆ ಸುಮ್ಮನಿರಲಿಲ್ಲ. "ಅತ್ತಿ, ತತ್ತಿ ತಿಂದ ಗಾಡ್ಯಾಗ ಊರಿಗೆ ಹೆಂಗ ಹೋಗ್ತೀರಿ?" ಎಂದೆ.

"ತಿಂದದ್ದು ಗಾಡಿ, ನಾ ಅಲ್ಲ. ದಾರ್ಯಾಗ ಅದಕ್ಕ ಮತ್ತ ಹಸೀತಂದ್ರ ಏನ ಮಾಡ್ತಿ? ಇನ್ನೆರಡು ತಗೊಂಡ ಬಾ ಹೋಗು" ಎಂದರು.